ಶಾಲು ಹೊದಿಸುವ ಮೊದಲು ಅವರ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ

ಆಲ್ದೂರು ಕಡೆಯ ನಿಮ್ಮ ಯುವಕ ಸಂಘ ಈ ಸಲ ಪರಿಸರ ದಿನಕ್ಕೆ ಊರಿನ ಮೂವರನ್ನು ಸನ್ಮಾನಿಸಬೇಕು ಅಂತಿದೆ. ಒಬ್ಬರು ನಿವೃತ್ತ ಶಾಲಾ ಮೇಷ್ಟ್ರು, ಒಬ್ಬರು ಕಾಡುಮರದ ಸಸಿ ಬೆಳೆಸುವ ಅಜ್ಜಿ, ಇನ್ನೊಬ್ಬರು ಅರಣ್ಯ ಇಲಾಖೆಯ ವಾಚರ್. ಕೈಯಲ್ಲಿ 20,000 ರೂಪಾಯಿ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಬಿಟ್ಟು ಬೇರೇನು ಮಾಡಬಹುದು ಅಂತ ಕೇಳಿದ್ದೀರಿ.

ನಾನು ಬೇಲೂರು ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಅಲ್ಲಿನ ಇಕೋ ಕ್ಲಬ್ ನೋಡಿಕೊಳ್ಳುತ್ತಿದ್ದೆ. ಇಂಥ ಒಂದು ಸನ್ಮಾನ ಹೇಗೆ ಕೆಡುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಶಾಲೆಯ ಹತ್ತಿರ ಕೆರೆಗೆ ಹೋಗುವ ದಾರಿ ಇದೆ. ಅದರ ಎರಡೂ ಬದಿ ಒಬ್ಬ ಹಿರಿಯರು ಹೊಂಗೆ, ನೇರಳೆ, ಬಸರಿ ಬೆಳೆಸಿದ್ದರು. ಅವರದ್ದು ಹಿಂದಿನಿಂದ ನೀರುಗಂಟಿ ಮನೆ, ಅಂದರೆ ಕೆರೆಯ ನೀರು ಬಿಡುವ ಕೆಲಸದವರು. ಒಂದು ವರ್ಷ ಜೂನ್ 5ಕ್ಕೆ ಪಟ್ಟಣದಲ್ಲಿ ಕಾರ್ಯಕ್ರಮ ಇಟ್ಟವರು ನನ್ನನ್ನು ಕೇಳಿದಾಗ ನಾನೇ ಇವರ ಹೆಸರು ಕೊಟ್ಟೆ. ಬೆಳಿಗ್ಗೆ 10ಕ್ಕೆ ಅಂದದ್ದು ಶುರುವಾದಾಗ 12. ಭಾಷಣದ ಮೇಲೆ ಭಾಷಣ. ಇವರ ಹೆಗಲಿಗೆ ಶಾಲು ಬಿದ್ದಾಗ ಎರಡೂವರೆ. ಫಲಕದಲ್ಲಿ ಹೆಸರು ತಪ್ಪಾಗಿತ್ತು. ಮೈಕ್ ಅಂತೂ ಕೊಡಲೇ ಇಲ್ಲ. ಅವತ್ತಿನ ಕೂಲಿ ಹೋಯಿತು, ಊರಿನ ಬಸ್ಸೂ ತಪ್ಪಿತು. ಸಂಜೆ ನನ್ನ ಬೈಕಿನ ಹಿಂದೆ ಕೂತು ಬರುವಾಗ ಅವರು ಶಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಮೇಷ್ಟ್ರೇ, ತೂಬಿನ ಕಲ್ಲು ಕುಸ್ದದೆ. ಅಷ್ಟೊಂದು ಸಾಹೇಬ್ರು ಕೂತಿದ್ರು, ಒಂದ್ಮಾತು ಹೇಳಾನ ಅಂದ್ರೆ ಯಾರೂ ಕೇಳ್ಲಿಲ್ಲ" ಅಂದರು.

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮುಂದಿನ ವರ್ಷ ಅವರನ್ನು ಎಲ್ಲಿಗೂ ಕರೆಯಲಿಲ್ಲ, ನಾವೇ ಹೋದೆವು. ಅದಕ್ಕೂ ಮೊದಲು ಗ್ರಾಮಸಭೆಯಲ್ಲಿ ತೂಬಿನ ವಿಷಯ ಎತ್ತಿ, ನರೇಗಾ ಕೆಲಸದ ಪಟ್ಟಿಗೆ ಸೇರಿಸಿದೆವು. ಎರಡು ಸಲ ಪಂಚಾಯಿತಿ ಕಚೇರಿಗೆ ಅಲೆದದ್ದು ನಿಜ. ತೂಬು ಸರಿಯಾದ ಮೇಲೆ ಒಂದು ಬೆಳಿಗ್ಗೆ ಎಂಟನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಆ ದಾರಿಯಲ್ಲಿ ನಡೆದೆವು. ಒಂದೊಂದು ಮರದ ಹತ್ತಿರ ನಿಂತು ಅವರು ಕಥೆ ಹೇಳಿದರು. ಯಾವ ಮರಕ್ಕೆ ಎಲ್ಲಿಂದ ಬೀಜ ಬಂತು, ಯಾವುದನ್ನು ಎರಡು ಸಲ ದನ ತಿಂದು ಮತ್ತೆ ಚಿಗುರಿಸಿದ್ದು, ಯಾವುದಕ್ಕೆ ಯಾರು ನೀರು ಹೊತ್ತದ್ದು. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊನೆಗೆ ಶಾಲನ್ನೂ ಹೊದಿಸಿದೆವು. ಶಾಲು ಬೇಡ ಅಂತ ನಾನು ಹೇಳುತ್ತಿಲ್ಲ. ಅವರ ಹೆಂಡತಿ ಅದನ್ನು ಕೈಯಲ್ಲಿ ಸವರಿ ನೋಡಿ, ಮಡಿಚಿ ಪೆಟ್ಟಿಗೆಯಲ್ಲಿಟ್ಟರು. ಮನೆಯವರಿಗೆ ಅದು ಬೇಕು. ಆದರೆ ಮಲೆನಾಡಿನ ಮಳೆಗೆ ಒಂದು ಒಳ್ಳೆ ಕರಿ ಕಂಬಳಿ ಕೊಟ್ಟರೆ ಇನ್ನೂ ಚೆನ್ನ.

ಹಾಗಾಗಿ ಮೂವರ ಹತ್ತಿರವೂ ಈಗಲೇ ಹೋಗಿ ಒಂದೇ ಪ್ರಶ್ನೆ ಕೇಳಿ: ನಿಮ್ಮ ಕೆಲಸಕ್ಕೆ ಈಗ ಏನು ಅಡ್ಡಿ ಆಗಿದೆ? ಸಾಲುಮರದ ತಿಮ್ಮಕ್ಕನವರನ್ನು ನೆನೆಸಿಕೊಳ್ಳಿ. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಮರ ಬೆಳೆಸಿದವರು. ಕೆಲವು ವರ್ಷ ನಮ್ಮ ಬೇಲೂರಿನಲ್ಲೂ ಇದ್ದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವಾಗ ಆ ಮರಗಳಿಗೇ ಕೊಡಲಿ ಬೀಳುವ ಹಾಗಾಯಿತು. ಅಜ್ಜಿ ಮುಖ್ಯಮಂತ್ರಿಗಳನ್ನು ಕೇಳಿಕೊಂಡದ್ದು ಮರ ಉಳಿಸಿ ಅಂತ. ಪದಕ ಕೊಟ್ಟ ಮೇಲೂ ಅವರ ಮರಕ್ಕೆ ಅವರೇ ಕಾವಲು ನಿಲ್ಲಬೇಕಾದರೆ ನಾವು ಅವರಿಗೆ ಕೊಟ್ಟದ್ದೇನು?

ಇನ್ನು ನಿಮ್ಮ ಮೂವರ ವಿಷಯ.

ವಾಚರ್ ಅವರನ್ನು ಆರಿಸಿದ್ದೀರಿ, ಇದು ನನಗೆ ತುಂಬಾ ಇಷ್ಟವಾಯಿತು. ಇಂಥವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಭದ್ರಾ ಕಾಡಿನಲ್ಲಿ, ಮುಳ್ಳಯ್ಯನಗಿರಿ ಹುಲ್ಲುಗಾವಲಿನಲ್ಲಿ ಜನವರಿಯಿಂದ ಮಳೆ ಬೀಳುವವರೆಗೆ ಬೆಂಕಿಯದ್ದೇ ಭಯ. ಬೆಂಕಿ ದಾಟದ ಹಾಗೆ ಫೈರ್ ಲೈನ್ ಸವರುವವರು, ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವವರು ಇವರೇ. ಆನೆ ಎಲ್ಲಿದೆ ಅಂತ ರಾತ್ರಿಯೆಲ್ಲ ಹಿಂಬಾಲಿಸಿ ತೋಟದ ಜನಕ್ಕೆ ಸುದ್ದಿ ಮುಟ್ಟಿಸುವ ಕಾರ್ಯಪಡೆಯ ಹುಡುಗರೂ ಹಾಗೇ. ಇವರಿಗೆ ಒಳ್ಳೆ ಬೂಟು, ತಲೆಗೆ ಕಟ್ಟುವ ಟಾರ್ಚ್ ಕೊಡಿ. ಅಳತೆ ಕೇಳಿ ತನ್ನಿ. ಜೊತೆಗೆ ನಿಮ್ಮ ಸಂಘದ ಹತ್ತು ಜನ ಬೇಸಿಗೆಯಲ್ಲಿ ಬೆಂಕಿ ಕಂಡರೆ ಯಾರಿಗೆ ಫೋನ್ ಮಾಡಬೇಕು ಅಂತ ಅವರಿಂದಲೇ ಕಲಿಯಿರಿ. ಬೆಂಕಿ ಆರಿಸಲು ನೀವೇ ನುಗ್ಗಬೇಡಿ.

ಅಜ್ಜಿಯ ಕೆಲಸ ಇನ್ನೂ ದೊಡ್ಡದು. ನಿಮ್ಮ ಕಡೆಯ ಎಷ್ಟೋ ಕಾಫಿ ತೋಟಗಳಲ್ಲಿ ಹಳೆ ನೆರಳಿನ ಮರ ಹೋಗಿ ಸಿಲ್ವರ್ ಓಕ್ ನಿಂತಿದೆ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿದು ಮಾರುವುದೂ ಸುಲಭ. ರೈತರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಅತ್ತಿ, ಬಸರಿ ಇಲ್ಲದ ತೋಟಕ್ಕೆ ಮಂಗಟ್ಟೆ ಹಕ್ಕಿ ಯಾಕೆ ಬರಬೇಕು? ಆ ಅಜ್ಜಿಗೆ ಗೊತ್ತಿರುವುದು ಯಾವ ಬೀಜ ಯಾವಾಗ ಹಾಕಬೇಕು ಅನ್ನುವುದು. ಹಲಸು, ನೇರಳೆ ಬೀಜ ಒಣಗಿಸಿಟ್ಟರೆ ಸತ್ತೇ ಹೋಗುತ್ತದೆ. ಹಣ್ಣು ತಿಂದ ಕೆಲವೇ ದಿನದಲ್ಲಿ ಮಣ್ಣಿಗೆ ಸೇರಬೇಕು. ಇಂಥ ಸಣ್ಣ ಸಣ್ಣ ವಿಷಯ ನೂರು ಇರುತ್ತವೆ. ಅವರ ಹತ್ತಿರ ಕೂತು ಬರೆದುಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಮತ್ತು ಅದರ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ನಿಮ್ಮ ಪಂಚಾಯಿತಿಯ ದಾಖಲಾತಿ ತೆಗೆಸಿ ನೋಡಿ. ಅಜ್ಜಿ ಹೇಳಿದ್ದು ಅದರಲ್ಲಿ ಸೇರಲಿ, ಅವರು ಒಪ್ಪಿದರೆ ಅವರ ಹೆಸರಿನ ಜೊತೆಗೆ. ಕೆಲವು ಔಷಧದ ಗುಟ್ಟು, ದೇವರಕಾಡಿನ ಅಪರೂಪದ ಗಿಡದ ಜಾಗ ಹೇಳೋದು ಬೇಡ ಅಂದರೆ ಬಿಟ್ಟುಬಿಡಿ. ಬಂದವರಿಗೆ ಹಂಚುವ ಸಸಿಯನ್ನು ಅಜ್ಜಿ ಹತ್ತಿರವೇ ದುಡ್ಡು ಕೊಟ್ಟು ಕೊಳ್ಳಿ. ಸುಮ್ನೆ ಕೇಳಿ ತರಬೇಡಿ.

ಮೇಷ್ಟ್ರಿಗೆ ಹಳೆ ವಿದ್ಯಾರ್ಥಿಗಳು ಬಂದರೆ ಸಾಕು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಶಾಲೆಯಲ್ಲಿ ಅವರು ಶುರು ಮಾಡಿದ ಕೈತೋಟವೋ ನರ್ಸರಿಯೋ ನಿಂತುಹೋಗಿದ್ದರೆ ಅದನ್ನು ಮತ್ತೆ ಎಬ್ಬಿಸಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳಬೇಕು ಅನ್ನಿಸಿತು. ಭದ್ರಾ ಅಭಯಾರಣ್ಯದ ಒಳಗಿದ್ದ 400ಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಪುನರ್ವಸತಿ ಯೋಜನೆಯಲ್ಲಿ ಊರು ಬಿಟ್ಟು ಹೊರಗೆ ಬಂದವು. ಬಹಳ ಜನ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಜನರ ಜೊತೆ ನಿಂತು ಅದಕ್ಕಾಗಿ ದುಡಿದ ಡಿ.ವಿ. ಗಿರೀಶ್ ಅವರಂಥವರ ಹೆಸರು ನಮಗೆ ಗೊತ್ತು. ಆದರೆ ಗದ್ದೆ, ಮನೆ, ದೇವರ ಗುಡಿ ಬಿಟ್ಟು ಬಂದವರಿಗೆ ಶಾಲು ಹೊದಿಸಿದ್ದನ್ನು ನಾನಂತೂ ಕಂಡಿಲ್ಲ. ಇವತ್ತು ಭದ್ರಾದಲ್ಲಿ ಹುಲಿ ಓಡಾಡುತ್ತಿದ್ದರೆ ಅವರ ಪಾಲು ಅದರಲ್ಲಿ ಜಾಸ್ತಿಯೇ ಇದೆ, ಅಲ್ವಾ? ಮುಂದಿನ ವರ್ಷ ಅವರಲ್ಲಿ ಒಬ್ಬ ಹಿರಿಯರನ್ನು ಕರೆಸಿ ಮಾತು ಕೇಳಿ.

ದಿನದ ವಿಷಯ. ಜೂನ್ 5 ಮಲೆನಾಡಿಗೆ ಕಷ್ಟದ ದಿನ. ಮಳೆ ಹಿಡಿಯುವ ಹೊತ್ತು, ಸಸಿಮಡಿ, ಗೊಬ್ಬರ ಅಂತ ಎಲ್ಲರೂ ಕೆಲಸದಲ್ಲಿ ಇರುತ್ತಾರೆ. ಅವತ್ತೇ ಮಾಡಬೇಕು ಅಂತಿದ್ದರೆ ಬೆಳಿಗ್ಗೆ 8ಕ್ಕೆ ಶುರು ಮಾಡಿ 10ಕ್ಕೆ ಮುಗಿಸಿ. ಅತಿಥಿಗಳು ಬರುವವರೆಗೆ ಹಿರಿಯರನ್ನು ಕಾಯಿಸಬೇಡಿ. ಮೊದಲ ಮಾತು ಅವರದ್ದಾಗಲಿ. ಫ್ಲೆಕ್ಸ್ ಕಟ್ಟಬೇಡಿ, ಮಕ್ಕಳ ಕೈಯಲ್ಲಿ ಬಟ್ಟೆ ಮೇಲೆ ಬರೆಸಿ, ಹೆಸರು ಸರಿಯಿದೆಯಾ ಅಂತ ಅವರ ಮನೆಯಲ್ಲೇ ಕೇಳಿ ಬರೆಸಿ. ಪೇಪರಿಗೆ ಫೋಟೊ ಕೊಡುವ ಮೊದಲೂ ಕೇಳಿ. ಮರ ಕಡಿಯುವವರ ಮೇಲೆ ದೂರು ಕೊಟ್ಟವರಾಗಿದ್ದರೆ ಹೆಸರು ಹೊರಗೆ ಬರುವುದು ಅವರಿಗೆ ತೊಂದರೆ ಆಗಬಹುದು.

20,000ದಲ್ಲಿ ನಾನಾಗಿದ್ದರೆ ಮೂವರಿಗೂ ತಲಾ 3,000 ಕವರಿನಲ್ಲಿ ಹಾಕಿ, ಮನೆಯಲ್ಲಿ, ಯಾರ ಎದುರಿಗೂ ಅಲ್ಲದೆ ಕೊಡುತ್ತಿದ್ದೆ. ಬೂಟು, ಟಾರ್ಚ್, ಕಂಬಳಿ, ಸಸಿ, ಎಲ್ಲರಿಗೂ ಉಪ್ಪಿಟ್ಟು ಕಾಫಿ ಸೇರಿ ಏಳೆಂಟು ಸಾವಿರ ಆಗಬಹುದು. ಉಳಿದದ್ದನ್ನು ಮುಟ್ಟದೆ ಮುಂದಿನ ಫೆಬ್ರವರಿಗೆ ಇಡಿ. ಜೂನ್‌ನಲ್ಲಿ ನೆಟ್ಟ ಸಸಿಗೆ ಆಗ ನೀರು ಹೊರಬೇಕಾಗುತ್ತದೆ.