ಇಲ್ಲದ ಹೆಂಡತಿಯ ಕಥೆ

ಪ್ರಶ್ನೆ: ನನಗೆ 34 ವರ್ಷ. ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆಯೊಂದರಲ್ಲಿ ಗಂಡಸರಿಗೆ ಲಿಂಗ ಸಮಾನತೆಯ ತರಬೇತಿ ಕೊಡುತ್ತೇನೆ. ನಾನು ಸಲಿಂಗಿ. ಆರು ವರ್ಷಗಳಿಂದ ಸಂಗಾತಿಯ ಜೊತೆಗಿದ್ದೇನೆ. ಫೀಲ್ಡಿನಲ್ಲಿ ಮಾತ್ರ ನನಗೊಬ್ಬ ಹೆಂಡತಿ ಇದ್ದಾಳೆ! 'ನಾನೂ ಪಾತ್ರೆ ತೊಳೀತೀನಿ, ಮೊದಮೊದಲು ನನ್ನ ಹೆಂಡತಿಗೇ ನಗು ಬರ್ತಿತ್ತು' ಎಂದರೆ ಗಂಡಸರು ನಕ್ಕು ಹತ್ತಿರವಾಗುತ್ತಾರೆ. ಹೋದ ತಿಂಗಳು ತರಬೇತಿ ಮುಗಿದ ಮೇಲೆ ಇಪ್ಪತ್ತೆರಡರ ಹುಡುಗನೊಬ್ಬ ಒಬ್ಬನೇ ಉಳಿದು, 'ಸರ್, ನನಗೆ ಹುಡುಗಿಯರ ಬಗ್ಗೆ ಏನೂ ಅನ್ನಿಸಲ್ಲ' ಎಂದ. 'ಮದುವೆಯಾದರೆ ಸರಿಹೋಗುತ್ತೆ, ನನ್ನನ್ನೇ ನೋಡು' ಎಂದುಬಿಟ್ಟೆ. ಗಂಡಸುತನದ ಚೌಕದಿಂದ ಹೊರಗೆ ಬನ್ನಿ ಎಂದು ಚಾರ್ಟಿನಲ್ಲಿ ಚೌಕ ಬರೆದು ತೋರಿಸುವವನೇ ಅದರೊಳಗೆ ಕೂತಿದ್ದೇನೆ. ಈಗ ಉಗಾಂಡಾದಲ್ಲಿ ಎರಡು ವರ್ಷದ ಹುದ್ದೆ ಬಂದಿದೆ. ಹೋಗದಿದ್ದರೆ ಹೇಡಿ, ಹೋದರೆ ಕಪಟಿ. ಹತ್ತು ದಿನದಲ್ಲಿ ಉತ್ತರ ಕೊಡಬೇಕು.

ಉತ್ತರ: ಚೌಕದ ಮಾತು ಚೆನ್ನಾಗಿದೆ. ಆದರೆ ಅದರಲ್ಲಿ ನಿಮ್ಮ ತಪ್ಪನ್ನು ತಪ್ಪಾದ ಜಾಗದಲ್ಲಿ ಹುಡುಕಿದ್ದೀರಿ. ನೀವು ಯಾರನ್ನು ಪ್ರೀತಿಸುತ್ತೀರಿ ಎಂಬ ಲೆಕ್ಕವನ್ನು ತರಬೇತಿಗೆ ಬಂದವರಿಗೆ ಒಪ್ಪಿಸಬೇಕಾಗಿಲ್ಲ. ಹೇಳದೆ ಇರುವುದು ಕಪಟವಲ್ಲ, ಜೀವ ಕಾಪಾಡಿಕೊಳ್ಳುವ ಕ್ರಮ.

ತಪ್ಪಾಗಿದ್ದು ಆ ಹುಡುಗನ ಮುಂದೆ. ಅಷ್ಟು ಜನರ ನಡುವೆ ಕೂತಿದ್ದ ಅವನು ನಿಮ್ಮಲ್ಲೇ ಏನೋ ಕಂಡು ಹಿಂದೆ ಉಳಿದ. ನಿಮ್ಮನ್ನು ಕಾಯಲು ಹುಟ್ಟಿದ ಹೆಂಡತಿಯನ್ನು ನೀವು ಅವನ ಮೇಲೆ ಛೂ ಬಿಟ್ಟಿರಿ. ನಿಮ್ಮ ಮಾತು ನಂಬಿ ಅವನು ಮದುವೆಯಾದರೆ, ನಿಜವಾದ ಹೆಣ್ಣೊಬ್ಬಳು ಆ ಸುಳ್ಳಿನೊಳಗೆ ಸಂಸಾರ ಮಾಡಬೇಕಾಗುತ್ತದೆ. ನಿಮ್ಮ ತರಬೇತಿ ನಡೆಯುವುದು ಅಂಥ ಹೆಣ್ಣುಮಕ್ಕಳಿಗಾಗಿ ಅಲ್ಲವೇ? ಇಷ್ಟು ಕಟುವಾಗಿ ಬರೆಯಬೇಕೋ ಬೇಡವೋ ಎಂದು ಎರಡು ಸಲ ಯೋಚಿಸಿದೆ. ನಿಮಗೆ ನಿದ್ದೆ ಕೆಡಿಸುತ್ತಿರುವುದು ಇದೇ ಎಂದು ಕಂಡಿತು, ಬರೆದೆ.

ಗುಟ್ಟು ಬಿಡದೆಯೂ ಅವನಿಗೆ ಹೇಳಬಹುದಾದದ್ದಿತ್ತು. 'ಹಾಗನ್ನಿಸುವುದು ಕಾಯಿಲೆಯಲ್ಲ. ನಿನ್ನಂಥವರು ಬೇರೆಯವರೂ ಇದ್ದಾರೆ. ಯಾರೋ ಅವಸರ ಮಾಡಿದರೆಂದು ಮದುವೆಗೆ ಒಪ್ಪಬೇಡ.' ಇದರಲ್ಲಿ 'ನಾನು' ಎಂಬ ಪದವೇ ಇಲ್ಲ. ಅವನು ಇನ್ನೂ ನಿಮ್ಮ ಕಾರ್ಯಕ್ರಮದಲ್ಲಿದ್ದರೆ, ಅವನಿಗೆ ತೊಂದರೆಯಾಗದ ಜಾಗ ನೋಡಿ, ಹೊರಡುವ ಮೊದಲು ಇಷ್ಟನ್ನು ಹೇಳಿಬಿಡಿ. 'ಅವತ್ತು ನಾನು ಹೇಳಿದ್ದು ತಪ್ಪು' ಎಂಬ ಮಾತು ಮೊದಲು ಬರಲಿ.

ಆ ಹೆಂಡತಿ ನಿಮ್ಮೊಬ್ಬರ ಸೃಷ್ಟಿಯೂ ಅಲ್ಲ. ನಿಮ್ಮ ಕ್ಷೇತ್ರವೇ ಅವಳಿಗೆ ಕುರ್ಚಿ ಹಾಕಿಟ್ಟಿತ್ತು. ವಿಶ್ವಸಂಸ್ಥೆಯ 1994ರ ಕೈರೋ ಜನಸಂಖ್ಯಾ ಸಮ್ಮೇಳನ ಗಂಡಸರ ಹೊಣೆಗಾರಿಕೆಯ ಬಗ್ಗೆ ಬರೆದಾಗ ಅದರ ಕಣ್ಣ ಮುಂದಿದ್ದದ್ದು ಮುಖ್ಯವಾಗಿ ಗಂಡ ಮತ್ತು ತಂದೆ. ಮರುವರ್ಷ ಬೀಜಿಂಗಿನ ಮಹಿಳಾ ಸಮ್ಮೇಳನದ ಕರಡಿನಲ್ಲಿ 'ಲೈಂಗಿಕ ಒಲವು' ಎಂಬ ಪದವಿತ್ತು. ಕೊನೆಯ ಹಂತದ ಚೌಕಾಸಿಯಲ್ಲಿ ಅದು ಬಿದ್ದುಹೋಯಿತು. ಇವತ್ತಿಗೂ ಎಷ್ಟೋ ಪ್ರಾಜೆಕ್ಟ್ ದಾಖಲೆಗಳಲ್ಲಿ ಕುಟುಂಬವೆಂದರೆ ಒಬ್ಬ ಗಂಡ, ಒಬ್ಬಳು ಹೆಂಡತಿ. ಅಲ್ಲಿ ಗಂಡಸು ಬದಲಾದನೆಂದು ತೋರಿಸಲು ಅವನಿಗೆ ಹೆಂಡತಿ ಬೇಕೇ ಬೇಕು.

ಇನ್ನು ಉಗಾಂಡಾ. ಗಂಡಸರ ಜೊತೆಗಿನ ಈ ಕೆಲಸದಲ್ಲಿ ಅದು ಹಿಂದುಳಿದ ದೇಶವಲ್ಲ, ಮುಂದಿದ್ದ ದೇಶ. ಎಚ್‌ಐವಿ ಮತ್ತು ಗಂಡು-ಹೆಣ್ಣಿನ ಸಂಬಂಧಗಳ ಬಗ್ಗೆ ಊರಿನವರನ್ನು ಕೂರಿಸಿ ಮಾತಾಡಿಸುವ 'ಸ್ಟೆಪಿಂಗ್ ಸ್ಟೋನ್ಸ್' ತರಬೇತಿ ರೂಪುಗೊಂಡದ್ದು ಅಲ್ಲೇ, ಕೈಪಿಡಿ ಬಂದದ್ದು 1995ರಲ್ಲಿ. ಹೆಣ್ಣಿನ ಮೇಲಿನ ಹಿಂಸೆ ತಡೆಯುವ 'ಸಾಸಾ' ಕಾರ್ಯಕ್ರಮ ಹುಟ್ಟಿದ್ದೂ ಅಲ್ಲಿನ ರಾಜಧಾನಿ ಕಂಪಾಲಾದಲ್ಲಿ. ಅದೇ ದೇಶದ 2023ರ ಕಾನೂನಿನಲ್ಲಿ ಸಲಿಂಗ ಸಂಬಂಧಕ್ಕೆ ಜೀವಾವಧಿ, ಕೆಲವು ಪ್ರಕರಣಗಳಿಗೆ ಮರಣದಂಡನೆ, 'ಪ್ರಚಾರ'ಕ್ಕೆ 20 ವರ್ಷದವರೆಗೆ ಸೆರೆ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಕೆಲವು ಕಲಂಗಳನ್ನು ತೆಗೆದುಹಾಕಿತು. ಕಂಡವರು ಪೊಲೀಸರಿಗೆ ತಿಳಿಸಲೇಬೇಕೆಂಬುದು ಅವುಗಳಲ್ಲೊಂದು. ಉಳಿದದ್ದು ಹಾಗೇ ನಿಂತಿತು. ನಾನು ಮೇಲೆ ಬರೆದುಕೊಟ್ಟ ಮೂರು ವಾಕ್ಯಗಳೇ ಅಲ್ಲಿ 'ಪ್ರಚಾರ' ಅನ್ನಿಸಿಕೊಳ್ಳಬಹುದು. ಅಂಥ ಹುಡುಗ ಅಲ್ಲೂ ಒಬ್ಬ ಹಿಂದೆ ಉಳಿಯುತ್ತಾನೆ. ಆಗ ಅವನಿಗೆ ಏನು ಹೇಳುತ್ತೀರಿ?

ಆದ್ದರಿಂದ ನನ್ನ ಅಭಿಪ್ರಾಯ: ಈಗ ಇರುವ ಸ್ಥಿತಿಯಲ್ಲಿ ಹೋಗಬೇಡಿ. ಬಂಧನವಾದರೆ ಯಾವ ವಕೀಲರು ಬರುತ್ತಾರೆ, ದೇಶ ಬಿಡಿಸುವ ಹೊಣೆ ಯಾರದು, ನಿಮ್ಮ ಜೊತೆ ಗುರುತಿಸಿಕೊಂಡ ಸ್ಥಳೀಯ ಸಹೋದ್ಯೋಗಿಗಳ ಗತಿಯೇನು (ನಿಮ್ಮನ್ನು ವಿಮಾನ ಹತ್ತಿಸುತ್ತಾರೆ, ಅವರನ್ನು ಹತ್ತಿಸುವುದಿಲ್ಲ) ಎಂದು ಸಂಸ್ಥೆಯನ್ನು ಬರವಣಿಗೆಯಲ್ಲಿ ಕೇಳಿ. ಕೇಳಲು ನೀವು ಯಾರೆಂದು ಹೇಳಬೇಕಾಗಿಲ್ಲ. ಯಾವ ಸಿಬ್ಬಂದಿಯಾದರೂ ಕೇಳಬಹುದಾದ ಪ್ರಶ್ನೆಗಳಿವು. 'ಅಂಥ ಸಮಸ್ಯೆ ನಮಗೆ ಬಂದಿಲ್ಲ' ಎಂಬ ಜವಾಬು ಬಂದರೆ ವಿಷಯ ತೀರ್ಮಾನವಾದಂತೆಯೇ.

ಹೇಡಿ ಎಂಬ ಪದದ ಬಗ್ಗೆ ಒಂದು ಮಾತು. ಕಷ್ಟದ ಪೋಸ್ಟಿಂಗುಗಳನ್ನು ಪದಕದಂತೆ ಎಣಿಸುವುದು ನಿಮ್ಮ ಕ್ಷೇತ್ರದ್ದೇ ಗಂಡಸುತನ. ಯಾರು ಎಷ್ಟು ಸಲ ಮಲೇರಿಯಾ ಗೆದ್ದರು, ಯಾರು ಗುಂಡಿನ ಸದ್ದಿಗೆ ಎದ್ದು ಕೂರಲಿಲ್ಲ ಎಂಬ ರಾತ್ರಿಯ ಹರಟೆಗಳು ನಿಮಗೆ ಗೊತ್ತಿರುತ್ತವೆ. ಆ ಚೌಕವನ್ನು ಚಾರ್ಟಿನಲ್ಲಿ ಯಾರೂ ಬರೆಯುವುದಿಲ್ಲ.

ಎಲ್ಲೇ ಕೆಲಸ ಮಾಡಿದರೂ ಆ ಹೆಂಡತಿಯನ್ನು ನಿವೃತ್ತಿ ಮಾಡಿಸಿ. ಗಂಡಸರನ್ನು ನಗಿಸಲು ಪಾತ್ರ ಬೇಕೆಂದರೆ ನಾಟಕ ಆಡಿಸಿ; ಸ್ಟೆಪಿಂಗ್ ಸ್ಟೋನ್ಸ್ ಮಾಡುವುದೂ ಅದನ್ನೇ. ಪಾತ್ರೆ ತೊಳೆಯುವ ಗಂಡನನ್ನು ಅವರಲ್ಲೇ ಒಬ್ಬ ಅಭಿನಯಿಸಲಿ. ಅದು ಕಥೆಯೆಂದು ಎಲ್ಲರಿಗೂ ಗೊತ್ತಿರುವುದರಿಂದ ಯಾರಿಗೂ ಮೋಸವಾಗುವುದಿಲ್ಲ. 'ನಿಮಗೆ ಮದುವೆಯಾಗಿದೆಯಾ?' ಎಂದು ಯಾರಾದರೂ ಕೇಳಿದರೆ 'ಇವತ್ತು ಮಾತು ನಿಮ್ಮದು' ಎನ್ನಿ. ಒಂದೆರಡು ಸಲ ಮುಜುಗರವಾಗುತ್ತದೆ, ಆಮೇಲೆ ರೂಢಿಯಾಗುತ್ತದೆ.

ಕೊನೆಗೊಂದು. ಇಲ್ಲದ ಹೆಂಡತಿಯ ನಗು ಕೂಡ ನಿಮ್ಮ ಪತ್ರದಲ್ಲಿದೆ. ಆರು ವರ್ಷ ಜೊತೆಗಿರುವವರಿಗೆ ಸಿಕ್ಕಿದ್ದು ಒಂದೇ ಸಾಲು. ಎರಡು ವರ್ಷ ಅವರೆಲ್ಲಿರುತ್ತಾರೆ, ಫೋನಿನಲ್ಲಿ ಅವರ ಹೆಸರನ್ನು ಏನೆಂದು ಬರೆದುಕೊಳ್ಳುತ್ತೀರಿ, ಅವರಿಗೆ ಹುದ್ದೆಯ ವಿಷಯ ಗೊತ್ತಿದೆಯೇ, ಒಂದೂ ಇಲ್ಲ. ಹತ್ತು ದಿನವಿದೆ. ಆಫೀಸಿಗೆ ಬರೆಯುವ ಮೊದಲು, ನನಗೆ ಬರೆದ ಈ ಪತ್ರವನ್ನು ಅವರ ಕೈಗೆ ಕೊಡಿ.