ಸ್ಪೀಕರ್ ಪ್ರಶ್ನೋತ್ತರ: ವಾಟಿನ ಲೆಕ್ಕ, ಹಾಲಿನ ಲೆಕ್ಕ

ಪ್ರಶ್ನೆ: ನಮ್ಮ ಹಾಲ್ 15 ಅಡಿ ಉದ್ದ, 12 ಅಡಿ ಅಗಲ. ಸಿನಿಮಾಕ್ಕೂ ಹಾಡಿಗೂ ಆಗಬೇಕು. 80 ಸಾವಿರ ಎತ್ತಿಟ್ಟಿದ್ದೇವೆ. ಅಂಗಡಿಯವರು ‘1000 ವಾಟ್‌ನ 5.1 ಸೆಟ್ ತಗೊಳ್ಳಿ, ದುಡ್ಡೂ ಉಳಿಯುತ್ತೆ’ ಅನ್ನುತ್ತಾರೆ. ತೆಗೆದುಕೊಳ್ಳಬಹುದೆ? (ಮೈಸೂರಿನ ಓದುಗರು)

ಉತ್ತರ: 5.1 ಅಂದರೆ ಐದು ಸ್ಪೀಕರ್, ತಗ್ಗು ಸದ್ದಿಗೆ (ಬಾಸ್) ಬೇರೆಯೇ ಒಂದು ಸಬ್‌ವೂಫರ್. ಆ ಸೆಟ್ಟಿನ ಬೆನ್ನಿಗೆ ಅಂಟಿಸಿರುವ ಚೀಟಿ ಓದಿ ನೋಡಿ. ‘230 ವೋಲ್ಟ್, 60 ವಾಟ್’ ಎಂದು ಬರೆದಿದ್ದರೆ, ಪ್ಲಗ್ಗಿನಿಂದ 60 ವಾಟ್ ಎಳೆಯುವ ಯಂತ್ರ ಸ್ಪೀಕರಿಗೆ ಒಂದೇ ಸಮನೆ 1000 ವಾಟ್ ಎಲ್ಲಿಂದ ಕೊಟ್ಟೀತು? ಡಬ್ಬದ ಮೇಲಿನದು ಪಿಎಂಪಿಓ ಅಂಕಿ, ಅಂದರೆ ಒಂದು ಕ್ಷಣಕ್ಕೆ ಸಿಗುತ್ತದೆಂದು ಹೇಳಿಕೊಳ್ಳುವ ಶಕ್ತಿ. ಅದಕ್ಕೆ ಅಳತೆಯ ನಿಯಮವೇ ಇಲ್ಲ, ಮರೆತುಬಿಡಿ.

ಕೇಳಬೇಕಾದದ್ದು ಸೆನ್ಸಿಟಿವಿಟಿ ಎಷ್ಟೆಂದು. 86 ಡೆಸಿಬೆಲ್ ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಸೋಫಾ 10 ಅಡಿ ಆಚೆ ಇದ್ದರೆ ಅಲ್ಲಿಗೆ ಬರುವಷ್ಟರಲ್ಲಿ ಆರೇಳು ಡೆಸಿಬೆಲ್ ಇಳಿಯುತ್ತದೆ, ಸ್ಪೀಕರ್ ಎರಡಿರುವುದರಿಂದ 3 ಸೇರುತ್ತದೆ. ತಲಾ 1 ವಾಟಿಗೇ 82ರ ಆಸುಪಾಸು. ಮನೆಮಂದಿ ಕೂತು ನೋಡುವ ಸದ್ದು 70–75. ಹೆಚ್ಚಿನ ಹೊತ್ತು 1 ವಾಟೂ ಖರ್ಚಾಗುವುದಿಲ್ಲ. ಸಿನಿಮಾದಲ್ಲಿ ಬಾಂಬ್ ಸಿಡಿದಾಗ 100 ಮುಟ್ಟಬೇಕೆಂದರೆ ಇನ್ನೂ 18 ಬೇಕು. ಪ್ರತಿ 3 ಡೆಸಿಬೆಲ್‌ಗೂ ವಾಟ್ ಇಮ್ಮಡಿ: 2, 4, 8, 16, 32, 64. ಅಲ್ಲಿಗೆ ಮುಗಿಯಿತು. 83 ಡೆಸಿಬೆಲ್‌ನ ಸ್ಪೀಕರ್ ತಂದರೆ ಅದೇ ಸದ್ದಿಗೆ 128 ವಾಟ್ ಬೇಕಾಗುತ್ತದೆ.

ಎವಿ ರಿಸೀವರಿನ (ಸದ್ದನ್ನು ಹಂಚಿ ಎಲ್ಲ ಸ್ಪೀಕರುಗಳಿಗೂ ಶಕ್ತಿ ಕೊಡುವ ಯಂತ್ರ) ಅಂಕಿಯಲ್ಲೂ ಕೈಚಳಕ ಉಂಟು. ‘6 ಓಮ್, 1 ಕಿಲೋಹರ್ಟ್ಸ್, 10% ಡಿಸ್ಟಾರ್ಷನ್, 1 ಚಾನೆಲ್’ ಎಂಬ ಸಾಲಿನ ವಾಟ್ ಬಿಡಿ. ‘8 ಓಮ್, 20 ಹರ್ಟ್ಸ್–20 ಕಿಲೋಹರ್ಟ್ಸ್, 2 ಚಾನೆಲ್’ ಎಂದಿರುವ ಸಾಲು ಹುಡುಕಿ. ಅಲ್ಲಿ 70 ಇದ್ದರೂ ನಿಮ್ಮ ಹಾಲಿಗೆ ಧಾರಾಳ. ಕಡಿಮೆ ಶಕ್ತಿಯ ಆಂಪ್ಲಿಫೈಯರನ್ನು ಕೊನೆ ಮುಟ್ಟುವವರೆಗೆ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಮೊದಲು ಸುಡುವುದು ಟ್ವೀಟರ್, ಅಂದರೆ ಎತ್ತರದ ಸ್ವರ ನುಡಿಸುವ ಪುಟ್ಟ ಭಾಗ.

ಈಗ ಕೊಳ್ಳುವ ಮಾತು. ಒಂದೇ ಸಲ ಐದೂ ಸ್ಪೀಕರ್ ಬೇಡ. 5.1 ರಿಸೀವರ್, ಐದೂಕಾಲು ಅಥವಾ ಆರೂವರೆ ಇಂಚು ವೂಫರಿನ (ತಗ್ಗು ಸ್ವರ ನುಡಿಸುವ ಭಾಗ), ಚಿಕ್ಕ ಪೆಟ್ಟಿಗೆಯ ಒಂದು ಜೊತೆ ಒಳ್ಳೆಯ ಬುಕ್‌ಷೆಲ್ಫ್, ಎರಡು ಗಟ್ಟಿ ಸ್ಟ್ಯಾಂಡ್: ಮೊದಲ ಕಂತು ಇಷ್ಟೇ. ಉಳಿದ ಹಣ ಸಬ್‌ವೂಫರಿಗೆ. ಸಂಭಾಷಣೆ ನುಡಿಸುವ ಸೆಂಟರ್ ಸ್ಪೀಕರ್ ಆಮೇಲೆ, ಹಿಂದಿನ ಎರಡು ಕಟ್ಟಕಡೆಗೆ. ಸಬ್ ಬರುವುದು ಖಚಿತವಾದರೆ ಟವರ್ ಸ್ಪೀಕರಿಗೆ ಹಣ ಸುರಿಯುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ. ರಿಸೀವರಿನಲ್ಲಿ ಎಲ್ಲ ಸ್ಪೀಕರನ್ನೂ ‘ಸ್ಮಾಲ್’ ಎಂದು ಇಟ್ಟು, ಕ್ರಾಸ್‌ಓವರ್ (ಸದ್ದು ಸ್ಪೀಕರಿಗೂ ಸಬ್‌ಗೂ ಪಾಲಾಗುವ ಗಡಿ) 80 ಹರ್ಟ್ಸಿಗೆ ನಿಲ್ಲಿಸಿದರೆ ಕೆಳಗಿನ ಸದ್ದೆಲ್ಲ ಸಬ್‌ನ ಪಾಲಿಗೆ ಹೋಗುತ್ತದೆ.

ಎರಡು ಸ್ಪೀಕರುಗಳ ನಡುವೆ 7–8 ಅಡಿ ಇರಲಿ, ಕೂತವರ ಕಿವಿಯ ಎತ್ತರಕ್ಕೆ ಟ್ವೀಟರ್ ಬರಲಿ. ಬೆನ್ನಿಗೆ ಪೋರ್ಟ್ (ಗಾಳಿ ಹೊರಬರುವ ತೂತು) ಇದ್ದರೆ ಗೋಡೆಯಿಂದ ಒಂದಡಿಯಾದರೂ ಮುಂದೆ. ಷೋಕೇಸಿನ ಗೂಡಿಗೆ ತುರುಕಿದರೆ ಎಷ್ಟು ದುಬಾರಿ ಸ್ಪೀಕರಾದರೂ ಮಡಕೆಯೊಳಗಿಂದ ಮಾತಾಡಿದಂತೆ ಕೇಳುತ್ತದೆ.

ಪ್ರಶ್ನೆ: ನಾನು ಕೇಳುವುದು ಹೆಚ್ಚಾಗಿ ಹಿಂದೂಸ್ತಾನಿ ಗಾಯನ. ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡಲಿ? (ಧಾರವಾಡ)

ಉತ್ತರ: ಅಂಗಡಿಯವರು ಹಾಕುವ ಡೆಮೊ ಬೇಡ, ನಿಮಗೆ ಬಾಯಿಪಾಠವಾಗಿರುವ ರೆಕಾರ್ಡಿಂಗ್ ಒಯ್ಯಿರಿ. ಎರಡು ಸ್ಪೀಕರ್ ಹೋಲಿಸುವಾಗ ಮೊದಲು ಸದ್ದು ಸಮ ಮಾಡಿಸಿ. ಮೊಬೈಲಿನ ಡೆಸಿಬೆಲ್ ಆ್ಯಪ್ ಇಷ್ಟಕ್ಕೆ ಸಾಕು. ಒಂದೇ ಡೆಸಿಬೆಲ್ ಜೋರಾಗಿರುವುದೂ ಕಿವಿಗೆ ‘ಚೆನ್ನಾಗಿದೆ’ ಅನ್ನಿಸುತ್ತದೆ, ಮಾರುವವರಿಗೆ ಇದು ಗೊತ್ತು.

ಆಲಾಪದಲ್ಲಿ ತಂಬೂರಿ ಕೇಳಿ. ಜವಾರಿಯ (ತಂತಿಯ ಝೇಂಕಾರ) ಮೇಲ್‌ಸ್ವರಗಳು ತೆರೆತೆರೆಯಾಗಿ ಬಿಚ್ಚಿಕೊಳ್ಳಬೇಕು; ತಂತಿ ಕೆರೆದಂತೆ ಚುಚ್ಚಿದರೆ ಟ್ವೀಟರಿನ ಮಟ್ಟ ಹೆಚ್ಚು. ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಮೇಲೆ ಅಂಗೈ ಜಾರಿದಾಗ ಸ್ವರ ಏರುವುದು ಕೇಳಬೇಕು. ಬರೀ ‘ಧುಂ’ ಎಂದರೆ ಆ ಬಾಸ್ ಪೆಟ್ಟಿಗೆಯದು, ತಬಲಾದ್ದಲ್ಲ. ಆಮೇಲೆ ಎದ್ದು ಪಕ್ಕಕ್ಕೆ ಎರಡು ಮಾರು ಸರಿಯಿರಿ. ಗಾಯಕರ ದನಿ ಮಂಕಾಯಿತೆಂದರೆ ಆ ಸ್ಪೀಕರ್ ಪಕ್ಕಗಳಿಗೆ ಸರಿಯಾಗಿ ಸದ್ದು ಹರಡುತ್ತಿಲ್ಲ. ಧ್ವನಿ ವಿಜ್ಞಾನಿ ಫ್ಲಾಯ್ಡ್ ಟೂಲ್ ಅವರು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲಿನಲ್ಲೂ ಅನಂತರ ಹರ್ಮನ್ ಕಂಪನಿಯಲ್ಲೂ ಪರದೆ ಮರೆಯಲ್ಲಿ ಸ್ಪೀಕರ್ ಇಟ್ಟು ನಡೆಸಿದ ಪರೀಕ್ಷೆಗಳಲ್ಲಿ ಕೇಳುಗರು ಮೆಚ್ಚಿದ್ದು ಇದನ್ನೇ: ಎದುರಿಗೆ ಏರಿಳಿತವಿಲ್ಲದ, ಪಕ್ಕಕ್ಕೆ ಸರಾಗವಾಗಿ ಇಳಿಯುವ ಸದ್ದು. ಕಂಪನಿಯವರು ಸಿಟಿಎ-2034 (ಸ್ಪೀಕರಿನ ಸದ್ದನ್ನು ಸುತ್ತಲಿಂದ ಅಳೆಯುವ ಮಾನಕ) ಮಾದರಿಯ ಗ್ರಾಫ್ ಕೊಟ್ಟಿದ್ದರೆ ಇದನ್ನು ಕಣ್ಣಲ್ಲೇ ನೋಡಬಹುದು.

ಪ್ರಶ್ನೆ: ಸೆಂಟರ್ ಸ್ಪೀಕರ್ ಇದ್ದರೂ ಸಂಭಾಷಣೆ ತಿಳಿಯುವುದಿಲ್ಲ. ಫೈಟ್ ಬಂದರೆ ಕಿವಿ ಒಡೆಯುತ್ತದೆ. (ಹಾಸನ)

ಉತ್ತರ: ಅದು ಟಿವಿ ಯೂನಿಟ್ಟಿನ ಒಳಗಿದ್ದರೆ ಹಲಗೆಯ ಅಂಚಿಗೆ ಎಳೆದು, ಕೆಳಗೆ ರಬ್ಬರ್ ತುಂಡು ಕೊಟ್ಟು ಮೂತಿಯನ್ನು ಕಿವಿಯ ಕಡೆಗೆ ಎತ್ತಿ. ರಿಸೀವರಿನಲ್ಲಿ ಸೆಂಟರಿನ ಮಟ್ಟ 2–3 ಡೆಸಿಬೆಲ್ ಏರಿಸಿ, ರಾತ್ರಿ ಹೊತ್ತು ಡೈನಾಮಿಕ್ ರೇಂಜ್ ಕಂಪ್ರೆಷನ್ (ಜೋರು ಸದ್ದಿಗೂ ಮೆಲುಸದ್ದಿಗೂ ಇರುವ ಅಂತರ ತಗ್ಗಿಸುವ ಆಯ್ಕೆ) ಹಾಕಿ. ಬರಿಯ ಟೈಲ್ಸ್ ನೆಲವಾದರೆ ಮುಂದೆ ಒಂದು ದಪ್ಪ ಜಮಖಾನ ಹಾಸಿ.

ನಡುವೆ ಟ್ವೀಟರ್, ಆಚೀಚೆ ಎರಡು ವೂಫರ್ ಅಡ್ಡಲಾಗಿ ಮಲಗಿರುವ ಮಾದರಿಯಾದರೆ ಸೋಫಾದ ತುದಿಯಲ್ಲಿ ಕೂತವರಿಗೆ ಮಾತು ಮಂಕಾಗುವುದು ಸಹಜ. ಎರಡು ವೂಫರುಗಳ ಸದ್ದು ಅಲ್ಲಿಗೆ ಹಿಂದುಮುಂದಾಗಿ ತಲುಪಿ ಒಂದನ್ನೊಂದು ಅಳಿಸುತ್ತವೆ. ಒಂದು ವಾರ ಸೆಂಟರನ್ನು ‘ನನ್’ (None, ಸೆಂಟರ್ ಇಲ್ಲ) ಎಂದು ಇಟ್ಟು ಮುಂದಿನ ಎರಡರಲ್ಲೇ ಕೇಳಿ. ಅದೇ ಸ್ಪಷ್ಟವಾಗಿದ್ದರೆ ಸೆಂಟರ್ ಬದಲಿಸುವ ಕಾಲ ಬಂದಿದೆ. ಮುಂದಿನ ಸ್ಪೀಕರುಗಳ ಸರಣಿಯದ್ದೇ ತನ್ನಿ.

ಪ್ರಶ್ನೆ: ಹೊಸ ಸಬ್‌ವೂಫರ್. ಅಡುಗೆಮನೆ ಬಾಗಿಲಲ್ಲಿ ನಿಂತರೆ ಎದೆ ನಡುಗುತ್ತದೆ, ಸೋಫಾದಲ್ಲಿ ಕೂತರೆ ಏನೂ ಇಲ್ಲ. ಹಾಲ್ 16 ಅಡಿ, ಸೋಫಾ ನಟ್ಟನಡುವೆ. ಸಬ್ ಕೆಟ್ಟಿದೆಯೆ? (ಹುಬ್ಬಳ್ಳಿ)

ಉತ್ತರ: ಸಬ್ ಕೆಟ್ಟಿಲ್ಲ, ಸೋಫಾ ಕೆಟ್ಟ ಜಾಗದಲ್ಲಿದೆ. 16 ಅಡಿಯ ಕೋಣೆಯಲ್ಲಿ 35 ಹರ್ಟ್ಸ್ ಸದ್ದು ಎದುರುಬದುರು ಗೋಡೆಗಳ ಹತ್ತಿರ ಉಬ್ಬಿ ನಡುವೆ ಬತ್ತಿಹೋಗುತ್ತದೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ ಬಾಸನ್ನು ಆಚೆ ಬಿಡದೆ ಹಿಂದಕ್ಕೆ ತಳ್ಳುವುದರಿಂದ ಈ ಕಾಟ ಹೆಚ್ಚು. ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ, ಅಳಿಸುವ ಅಲೆಯೂ ಅಷ್ಟೇ ಏರುತ್ತದೆ.

ಸೋಫಾವನ್ನು 2–3 ಅಡಿ ಹಿಂದಕ್ಕೆ ಸರಿಸಿ, ಗೋಡೆಗೆ ಮಾತ್ರ ಆನಿಸಬೇಡಿ. ಆಗದಿದ್ದರೆ ಹಳೇ ಉಪಾಯ: ಸಬ್ಬನ್ನೇ ಸೋಫಾದ ಮೇಲೆ ಕೂರಿಸಿ, ಬಾಸ್ ಇರುವ ಹಾಡು ಹಾಕಿ, ನೀವು ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತಾ ಕೇಳಿ. ಮನೆಯವರು ನಗಲಿ. ಬಾಸ್ ಸಮನಾಗಿ, ಬಿಡಿಬಿಡಿಯಾಗಿ ಕೇಳುವ ಜಾಗವೇ ಸಬ್ ಇಡುವ ಜಾಗ. ಆಮೇಲೆ ಸಬ್‌ನ ಬೆನ್ನಿನ ಕ್ರಾಸ್‌ಓವರ್ ತಿರುಪು ಪೂರ್ತಿ ಮೇಲಕ್ಕೆ. ಆ ಕೆಲಸ ರಿಸೀವರಿನದು. 80 ಹರ್ಟ್ಸ್ ಟೋನ್ ಹಾಕಿ ಫೇಸ್ ಸ್ವಿಚ್ (ಸಬ್‌ನ ಅಲೆಯನ್ನು ತಿರುವುಮುರುವು ಮಾಡುವುದು) 0, 180 ಎರಡರಲ್ಲೂ ನೋಡಿ, ಸೋಫಾದಲ್ಲಿ ಜೋರಾಗಿ ಕೇಳುವುದನ್ನು ಉಳಿಸಿಕೊಳ್ಳಿ. ಮೈಕ್ ಇಟ್ಟು ಮಾಡುವ ಸ್ವಯಂ ಸೆಟಪ್ ಇದೆಲ್ಲ ಮುಗಿದ ಮೇಲೆ.

ಪ್ರಶ್ನೆ: ತಂದೆಯವರ ಕಾಲದ ಸ್ಪೀಕರ್. ವೂಫರಿನ ಸುತ್ತಲ ಫೋಮ್ ಪುಡಿಯಾಗಿದೆ. ಬಿಸಾಡಬೇಕೆ? (ಉಡುಪಿ)

ಉತ್ತರ: ಖಂಡಿತ ಬೇಡ. ಪಾಲಿಯುರೆಥೇನ್ ಫೋಮ್ ಹತ್ತು ಹದಿನೈದು ವರ್ಷಕ್ಕೆ ಉದುರತೊಡಗುತ್ತದೆ, ಕರಾವಳಿಯ ತೇವಕ್ಕೆ ಇನ್ನೂ ಬೇಗ. ಕೋನಿನ ಮೇಲೆ ಮೆಲ್ಲಗೆ, ನಾಲ್ಕೂ ಕಡೆ ಸಮನಾಗಿ ಒತ್ತಿ ನೋಡಿ. ಕರಕರ ಸದ್ದಿಲ್ಲದಿದ್ದರೆ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ನೆಟ್ಟಗಿದೆ, ಫೋಮ್ ಮಾತ್ರ ಬದಲಿಸಿದರಾಯಿತು. ಕೋನಿನ ಅಳತೆ ಮತ್ತು ಫ್ರೇಮಿನ ಒಳ ಅಳತೆ ಎರಡನ್ನೂ ಮಿಲಿಮೀಟರಿನಲ್ಲಿ ತೆಗೆದುಕೊಳ್ಳಿ. ಹಳೆಯ ಗೋಂದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೆಗೆಯಿರಿ. ಮೊದಲು ಕೋನಿಗೆ ಅಂಟಿಸಿ, ಒಣಗಿದ ಮೇಲೆ ಫ್ರೇಮಿಗೆ. ಗೋಂದು ಹಸಿಯಿರುವಾಗಲೇ 30 ಹರ್ಟ್ಸ್ ಟೋನನ್ನು ಮೆಲ್ಲಗೆ ಹಾಕಿ ಕೋನ್ ನಡುವಿಗೆ ಕೂರುವಂತೆ ಸರಿಪಡಿಸಿ, ಒಂದು ದಿನ ಮುಟ್ಟಬೇಡಿ. ಬಾಳಿಕೆ ಬರುತ್ತದೆಂದು ರಬ್ಬರ್ ಅಂಚು ಹಾಕಿಸಿದರೆ ಬಿಗಿಯೂ ತೂಕವೂ ಬದಲಾಗಿ ಮೂಲದ ಬಾಸ್ ಕೆಡಬಹುದು. ಫೋಮಿಗೆ ಫೋಮೇ ಸರಿ. ಪೆಟ್ಟಿಗೆ ಬಿಚ್ಚಿದ್ದೀರೆಂದ ಮೇಲೆ ಒಳಗಿರುವ, ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಬದಲಿಸಿಬಿಡಿ, ಅಷ್ಟೇ ಮೈಕ್ರೊಫ್ಯಾರಡ್‌ನ ನಾನ್-ಪೋಲಾರ್ ಇರಲಿ.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಯಾವ ವೈರ್ ಎಳೆಸಲಿ? (ಬೆಂಗಳೂರು)

ಉತ್ತರ: 2.5 ಸ್ಕ್ವೇರ್ ಎಂಎಂ ಶುದ್ಧ ತಾಮ್ರದ್ದು. 10 ಮೀಟರ್ ದೂರಕ್ಕೆ ಹೋಗಿಬರುವ ರೆಸಿಸ್ಟೆನ್ಸ್ ಸುಮಾರು 0.14 ಓಮ್, 8 ಓಮ್ ಸ್ಪೀಕರಿಗೆ ಲೆಕ್ಕಕ್ಕಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಬೇಡ. ಅನುಮಾನವಿದ್ದರೆ ಎಳೆಯನ್ನು ಚಾಕುವಿನಿಂದ ಕೆರೆಯಿರಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಪೈಪ್ ಕರೆಂಟಿನ ಪೈಪಿನಿಂದ ಬೇರೆಯಾಗಿರಲಿ, ಒಂದಡಿ ಅಂತರವಿರಲಿ. ಸಬ್‌ಗೆ ಎರಡು ಮೂಲೆಗಳಲ್ಲಿ ಪಾಯಿಂಟ್ ಬಿಡಿಸಿ.