ಗುಂಪು ಮುಚ್ಚಿದರೆ ಆನೆ ಸುದ್ದಿ ಹೇಳುವವರು ಯಾರು?

ಪ್ರಶ್ನೆ: ಸಕಲೇಶಪುರ, ಆಲೂರು ಕಡೆಯ ತೋಟದವರೂ ಕೂಲಿಯವರೂ ಸೇರಿ ಒಂದು ಸಾಮಾಜಿಕ ಜಾಲತಾಣದಲ್ಲಿ ಗುಂಪು ಮಾಡಿಕೊಂಡಿದ್ದೇವೆ. ಕಾಡಾನೆ ಯಾವ ತೋಟದಲ್ಲಿದೆ ಎಂದು ದಿನಾ ಹಾಕುತ್ತೇವೆ. ಜಾಲತಾಣದ ಹೊಸ ನಿಯಮ ಬಂದ ಮೇಲೆ ಆನೆ ದಾಳಿಯಲ್ಲಿ ಗಾಯಗೊಂಡವರ ಚಿತ್ರ ಹಾಕಿದರೆ ‘ಹಿಂಸಾತ್ಮಕ’ ಎಂದು ಅಳಿಸುತ್ತಾರೆ. ಎರಡು ಸಲ ನನ್ನ ಖಾತೆಯನ್ನೇ ತಡೆಹಿಡಿದರು. ಇದನ್ನು ಪ್ರತಿಭಟಿಸಿ ಎರಡು ದಿನ ಗುಂಪು ಮುಚ್ಚೋಣ ಎಂದುಕೊಂಡಿದ್ದೇವೆ. ಸರಿಯೇ?
— ಗುಂಪಿನ ಅಡ್ಮಿನ್, ಸಕಲೇಶಪುರ

ಉತ್ತರ: ಪ್ರತಿಭಟಿಸಲೇಬೇಕು. ಆದರೆ ದಯವಿಟ್ಟು ಗುಂಪು ಮುಚ್ಚಬೇಡಿ.

ನನ್ನ ತಂಗಿಯ ತೋಟ ಹೆತ್ತೂರು ಕಡೆ. ಕೊಯ್ಲಿನ ದಿನಗಳಲ್ಲಿ ಲೈನ್ ಮನೆಯ ಹೆಂಗಸರು ಚೀಲ ಹಿಡಿದು ಹೊರಡುವ ಮೊದಲು ಅವಳು ಫೋನ್ ನೋಡುತ್ತಾಳೆ. ಹೋದ ಜನವರಿಯಲ್ಲಿ ನಾನಲ್ಲಿದ್ದಾಗ ಒಂದು ಬೆಳಿಗ್ಗೆ ಬಂದ ಸಂದೇಶ ಇಷ್ಟೇ: ‘ಕೆರೆ ಏರಿ ಪಕ್ಕ. ಎರಡು, ಜೊತೆಗೊಂದು ಮರಿ.’ ಅಂದು ಯಾರೂ ಕೆಳಗಿನ ತೋಟಕ್ಕೆ ಇಳಿಯಲಿಲ್ಲ. ಮಂಜು ಹೇಗಿತ್ತೆಂದರೆ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಅಂಥ ಒಂದು ಸಾಲು ಎರಡು ದಿನ ಬಾರದಿದ್ದರೆ ಜಾಲತಾಣದ ಕಂಪನಿಗೆ ಗೊತ್ತೂ ಆಗುವುದಿಲ್ಲ. ಅಪಾಯವೆಲ್ಲ ಆ ಹೆಂಗಸರ ಪಾಲಿಗೆ.

2023ರ ಜೂನ್ 12ರಂದು ರೆಡಿಟ್ ಎಂಬ ಚರ್ಚಾ ಜಾಲತಾಣದಲ್ಲಿ ಸಾವಿರಾರು ಗುಂಪುಗಳು ಹೀಗೆಯೇ ಬಾಗಿಲು ಹಾಕಿದವು. ರೆಡಿಟ್ ಓದಲೆಂದು ಹೊರಗಿನವರು ಮಾಡಿದ ಆ್ಯಪ್‌ಗಳ ಮೇಲೆ ಕಂಪನಿ ಭಾರಿ ಶುಲ್ಕ ಹೇರಲು ಹೊರಟಿತ್ತು. ಅಂಥದ್ದೊಂದು ಆ್ಯಪ್ ಆದ ಅಪೋಲೋ ಮಾಡಿದವರ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್. ಆದರೆ ಬಹುಪಾಲು ಗುಂಪುಗಳು 48 ಗಂಟೆ ಎಂದು ಮೊದಲೇ ಸಾರಿದ್ದವು, ಕಂಪನಿ ಕಾದು ಕುಳಿತಿತು. ಜೂನ್ 30ಕ್ಕೆ ಅಪೋಲೋ ನಿಂತೇ ಹೋಯಿತು. ಕಣ್ಣು ಕಾಣದವರು ಬಳಸುವ, ಲಾಭಕ್ಕಲ್ಲದ ಕೆಲವು ಆ್ಯಪ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಅದೂ ಬಾಗಿಲು ಹಾಕುವ ಮೊದಲೇ. ತಮಗೆ ಏನು ತೊಂದರೆ, ಏನು ಬೇಕು ಎಂದು ಆ ಕಣ್ಣು ಕಾಣದ ಬಳಕೆದಾರರು ಬಿಡಿಸಿ ಹೇಳಿದ್ದರು.

ನಮ್ಮ ದೇಶದಲ್ಲೇ ಕೆಲವೇ ಜಾಲತಾಣಗಳನ್ನು ಪುಕ್ಕಟೆ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಯೋಜನೆ ಬಂದಾಗ ವಿರೋಧಿಸಿದವರು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಬರೆದರು. 2016ರ ಫೆಬ್ರವರಿ 8ರಂದು ಟ್ರಾಯ್ ಜಾಲತಾಣಕ್ಕೊಂದು ದರ ಎಂಬ ಅಂಥ ಭೇದವನ್ನೇ ನಿಷೇಧಿಸಿತು. ನೀವೂ ಆ ದಾರಿ ಹಿಡಿಯಿರಿ.

2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಜಾಲತಾಣಕ್ಕೂ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, ಸಾಮಾನ್ಯವಾಗಿ 7 ದಿನದೊಳಗೆ ತೀರ್ಮಾನಿಸಬೇಕು (2026ರ ತಿದ್ದುಪಡಿಗೆ ಮೊದಲು ಇದು 15 ದಿನವಿತ್ತು). ಅದು ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನಿನಲ್ಲೇ ಮೇಲ್ಮನವಿ ಹಾಕಬಹುದು. ಗುಂಪಿನವರೆಲ್ಲ ತಮ್ಮ ತಮ್ಮ ಅಳಿಸಿಹೋದ ಪೋಸ್ಟಿನ ಬಗ್ಗೆ ಬೇರೆ ಬೇರೆಯಾಗಿ ದೂರು ಕೊಡಲಿ, ಬೇಡಿಕೆ ಮಾತ್ರ ಒಂದೇ ಇರಲಿ: ಕನ್ನಡ ಓದಬಲ್ಲವರು ನೋಡದೆ ಆನೆ ಎಚ್ಚರಿಕೆಯ ಪೋಸ್ಟ್ ಅಳಿಸಬಾರದು. ಸ್ಕ್ರೀನ್‌ಶಾಟ್, ದಿನಾಂಕ, ಗಂಟೆ ಎಲ್ಲ ಜೊತೆಗಿರಲಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಎಲ್ಲ ತೋಟದ ಮೇಸ್ತ್ರಿಗಳ ನಂಬರನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ. ನಿಮ್ಮ ಖಾತೆಯನ್ನು ಮತ್ತೆ ತಡೆಹಿಡಿದ ಬೆಳಿಗ್ಗೆ, ಬಟನ್ ಫೋನಿಗೆ ಕರೆ ಮಾಡಿಯಾದರೂ ಸುದ್ದಿ ಮುಟ್ಟಿಸಬೇಕಲ್ಲ.